ಹಚ್ಚೆಯ ಸೂಜಿ

ಶಾಸನ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಲ್ಲು. ರಾಯಚೂರು ಸೀಮೆಯವರಿಗಂತೂ ಇದು ತೀರ ಸಹಜ. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಬಂಡೆ 1915ರಲ್ಲಿ ಬೆಳಕಿಗೆ ಬಂದಿತು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಬರಹವನ್ನು ಹೊತ್ತ 41 ಅಡಿಯ ಚಪ್ಪಡಿಯಿದೆ. ದೇವದುರ್ಗ ತಾಲೂಕಿನ ಗಬ್ಬೂರಿನ ಶಾಸನಗಳೂ ವಿದ್ವಾಂಸರಿಗೆ ಅಪರಿಚಿತವಲ್ಲ. ಆದರೆ ಇದೇ ನೆಲದಲ್ಲಿ ಇನ್ನೊಂದು ಬಗೆಯ ಬರಹವೂ ತಲೆಮಾರುಗಳಿಂದ ನಡೆದು ಬಂದಿದೆ. ಅದು ಮನುಷ್ಯರ ಚರ್ಮದ ಮೇಲಿನ ಬರಹ, ಹಚ್ಚೆ. ಕಲ್ಲಿನ ಬರಹಕ್ಕೆ ಕಂಡರಿಸಿದವನ ಹೆಸರು ಒಮ್ಮೊಮ್ಮೆಯಾದರೂ ಸಿಕ್ಕೀತು. ಚರ್ಮದ ಬರಹಕ್ಕೆ ಆ ಭಾಗ್ಯವಿಲ್ಲ. ಈ ಬರಹದ ಲೇಖನಿ, ಅಂದರೆ ಸೂಜಿ, ನಡೆದು ಬಂದ ದಾರಿಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಮೊದಲು ಪದವನ್ನೇ ನೋಡೋಣ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಚ್ಚೆ ಹಚ್ಚೆಯಾಯಿತು. ಪಚ್ಚೆಯೆಂದರೆ ಹಸಿರು. ತೆಲುಗಿನಲ್ಲಿ ಅದು ಇಂದಿಗೂ ಪಚ್ಚಬೊಟ್ಟು. ಎರಡು ನುಡಿಗಳೂ ಒಂದೇ ಅಂಗಳದಲ್ಲಿ ಆಡುವ ರಾಯಚೂರಿನಲ್ಲಿ ಪದದ ಹಳೆಯ ರೂಪವನ್ನೂ ಹೊಸ ರೂಪವನ್ನೂ ಒಂದೇ ಸಂತೆಯಲ್ಲಿ ಕೇಳಬಹುದು. ಆದರೆ ಸೂಜಿಯ ಮೊನೆಗೆ ಹಚ್ಚುತ್ತಿದ್ದುದು ಹಸಿರು ಬಣ್ಣವಲ್ಲ, ಕರಿಯ ಕಾಡಿಗೆ. ಚರ್ಮದ ಪದರಗಳ ಅಡಿಯಲ್ಲಿ ಕುಳಿತ ಕಪ್ಪು, ಮೇಲಿನಿಂದ ನೋಡುವ ಕಣ್ಣಿಗೆ ನೀಲಿಯಾಗಿಯೋ ಹಸಿರಾಗಿಯೋ ತೋರುತ್ತದೆ. ಬೆಳಕಿನ ಈ ಆಟವನ್ನು ನಮ್ಮ ಹಿರಿಯರು ಹೆಸರಿನಲ್ಲಿಯೇ ಹಿಡಿದಿಟ್ಟರು.

ಈ ಕಲೆಯನ್ನು ಮನೆಮನೆಗೆ ಒಯ್ದವರು ಕೊರಮ, ಕೊರಚ, ಎರುಕಲ ಎಂದು ಕರೆಸಿಕೊಳ್ಳುವ ಸಮುದಾಯಗಳ ಹೆಂಗಸರು. ನಮ್ಮ ಸಾಹಿತ್ಯ ಇವರನ್ನು ಕೊರವಂಜಿಯೆಂಬ ಹೆಸರಿನಿಂದ ಬಲ್ಲದು. ಯಕ್ಷಗಾನದಲ್ಲಿ ಈಕೆ ಕಣಿ ಹೇಳಲು ಬರುತ್ತಾಳೆ. 1942ರಲ್ಲಿ ರಾಶಿಯವರು ತಮ್ಮ ಹಾಸ್ಯಪತ್ರಿಕೆಗೆ ಈಕೆಯ ಹೆಸರನ್ನೇ ಇಟ್ಟರು. ಕಣಿ ಹೇಳುವ ಕೊರವಂಜಿಯನ್ನು ನಾವು ಮೆರೆಸಿದೆವು, ಹಚ್ಚೆ ಚುಚ್ಚುವ ಕೊರವಂಜಿಯನ್ನು ಮರೆತೆವು. ಆಕೆಯ ಕೆಲಸದ ವಿವರವನ್ನು ಬರೆದಿಟ್ಟವನು ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್. ಅಗಸೆಯ ಸೊಪ್ಪನ್ನೂ ಅರಿಶಿನವನ್ನೂ ಅರೆದು ಬಟ್ಟೆಗೆ ಬಳಿಯುವುದು; ಆ ಬಟ್ಟೆಯನ್ನು ಬತ್ತಿಯಾಗಿ ಹೊಸೆದು ಹರಳೆಣ್ಣೆಯ ದೀಪದಲ್ಲಿ ಉರಿಸುವುದು; ಮೇಲೆ ಹೊಸ ಗಡಿಗೆಯನ್ನು ಬೋರಲಿಡುವುದು; ಒಳಗೆ ಹಿಡಿದ ಮಸಿಯನ್ನು ಕೆರೆದು ಎದೆಹಾಲಿನಲ್ಲಿಯೋ ನೀರಿನಲ್ಲಿಯೋ ಕಲಸುವುದು. ಬಟ್ಟೆ ಹೊಲಿಯುವ ನಾಲ್ಕಾರು ಸೂಜಿಗಳನ್ನು ದಾರದಿಂದ ಬಿಗಿದರೆ ಲೇಖನಿ ಸಿದ್ಧ.

ಸೂಜಿ ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಆಕೆಯ ಮಣಿಕಟ್ಟೇ ಅಳೆಯುತ್ತಿತ್ತು. ಇಂದು ನಾವು ಅದನ್ನು ಒಂದರಿಂದ ಎರಡು ಮಿಲಿಮೀಟರ್ ಎಂದು ಲೆಕ್ಕ ಹಾಕುತ್ತೇವೆ. ಅದಕ್ಕಿಂತ ಮೇಲಾದರೆ ಹೊರಚರ್ಮ ಉದುರುವಾಗ ಬಣ್ಣವೂ ಉದುರುತ್ತದೆ. ಆಳವಾದರೆ ರಕ್ತ ಒಸರಿ ಗೆರೆ ಹರಡುತ್ತದೆ. ಒಳಚರ್ಮದಲ್ಲಿ ನಿಂತ ಬಣ್ಣದ ಕಣಗಳನ್ನು ದೇಹದ ಕಾವಲು ಕೋಶಗಳು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತು ಬಣ್ಣವನ್ನು ಬಿಟ್ಟೊಡನೆ ಹೊಸ ಕೋಶ ಅದನ್ನು ಎತ್ತಿಕೊಳ್ಳುತ್ತದೆಯೆಂದು ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು 2018ರಲ್ಲಿ ತೋರಿಸಿಕೊಟ್ಟರು. ಹಚ್ಚೆ ಅಳಿಸದೆ ಉಳಿಯುವುದು ಹೀಗೆ, ಕೈಯಿಂದ ಕೈಗೆ ದಾಟಿ.

ಹಚ್ಚೆ ಹಾಕಿಸಿಕೊಂಡವರಿಗೆ ಅದು ಬರಿಯ ಅಲಂಕಾರವಾಗಿರಲಿಲ್ಲ. ಒಡವೆ ವಸ್ತ್ರ ಇಲ್ಲಿಯೇ ಉಳಿಯುತ್ತವೆ, ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ಮಾತು ನಮ್ಮ ಹಳ್ಳಿಗಳಲ್ಲಿದೆ. ಗದ್ದದ ಮೇಲೆ ಚುಕ್ಕಿ, ಮುಂಗೈ ಮೇಲೆ ಚೇಳು, ತುಳಸಿಕಟ್ಟೆ. ಮೊಳಕೈ ಕೆಳಗೆ ಗಂಡನ ಹೆಸರು. ಒಡಪು ಕಟ್ಟಿದ ಹೊರತು ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಣ್ಣು, ತಾನು ಓದಲಾರದ ಅಕ್ಷರಗಳಲ್ಲಿ ಅದೇ ಹೆಸರನ್ನು ಬದುಕಿನುದ್ದಕ್ಕೂ ಹೊತ್ತು ನಡೆಯುತ್ತಿದ್ದಳು. ಮಾನ್ವಿ, ದೇವದುರ್ಗಗಳು ದಾಸರ ನಾಡು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ತಮ್ಮ ಅಂಕಿತಗಳಿಂದ ಅಮರರಾದರು. ಅಂಕಿತವೆಂದರೂ ಗುರುತೆಂದೇ ಅರ್ಥ. ಹಾಡಿನ ಕೊನೆಯ ಅಂಕಿತವನ್ನು ನಾವು ಅಚ್ಚುಹಾಕಿಸಿ ಉಳಿಸಿಕೊಂಡೆವು; ತೋಳಿನ ಮೇಲಿನ ಅಂಕಿತ ಹೊತ್ತವಳೊಡನೆ ಮಣ್ಣಾಯಿತು.

ಇನ್ನು, ಬರೆದವಳ ಪಾಡು. ಆ ಕಾಲಕ್ಕೆ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. ತುಂಗಭದ್ರೆಯ ಆಚೆಯ ಬಳ್ಳಾರಿ, ಕರ್ನೂಲುಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಬ್ರಿಟಿಷ್ ಇಂಡಿಯಾದ ಉದ್ದಗಲಕ್ಕೂ ವಿಸ್ತರಿಸಿತು. ಮದ್ರಾಸ್ ಪ್ರಾಂತದ ಕೊರವರು ಅದರ ಬಲೆಗೆ ಬಿದ್ದರು. ಊರೂರು ತಿರುಗುವುದೇ ಕಸುಬಾಗಿದ್ದವರಿಗೆ ತಿರುಗುವುದೇ ಅಪರಾಧದ ಗುರುತಾಯಿತು. ಇತರರ ಮೈಮೇಲೆ ಮಂಗಳದ ಗುರುತನ್ನು ಬರೆದವರ ಹಣೆಗೆ ಸರ್ಕಾರ ಕಳ್ಳರೆಂಬ ಗುರುತನ್ನು ಬರೆಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ಇತ್ತ ಹೀಗಿರಲು, ಅತ್ತ ಅಮೆರಿಕದಲ್ಲಿ ಸೂಜಿಗೆ ವಿದ್ಯುತ್ತು ಸೇರಿತು. 1876ರಲ್ಲಿ ಎಡಿಸನ್ ವಿದ್ಯುತ್ ಲೇಖನಿಯೊಂದಕ್ಕೆ ಹಕ್ಕುಪತ್ರ ಪಡೆದನು. ಅದರ ತಲೆಯ ಮೇಲಿನ ಪುಟ್ಟ ಮೋಟಾರು ತಿರುಗಿದಂತೆ ಸೂಜಿ ಮೇಲೆ ಕೆಳಗೆ ಆಡಿ ಕಾಗದವನ್ನು ಚುಚ್ಚುತ್ತಿತ್ತು. ಆ ರಂಧ್ರಗಳ ಮೂಲಕ ಶಾಯಿ ಉರುಳಿಸಿ ಪ್ರತಿಗಳನ್ನು ತೆಗೆಯಬಹುದಿತ್ತು. ನಮ್ಮ ಕಾಲೇಜುಗಳಲ್ಲಿ ಪ್ರಶ್ನೆಪತ್ರಿಕೆಗಳನ್ನು ತೆಗೆಯುತ್ತಿದ್ದ ಸೈಕ್ಲೋಸ್ಟೈಲಿನ ಪೂರ್ವಜ ಇದೆನ್ನಬಹುದು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಇದೇ ತತ್ತ್ವವನ್ನು ಚರ್ಮಕ್ಕೆ ಅನ್ವಯಿಸಿ 1891ರ ಡಿಸೆಂಬರ್ 8ರಂದು ಹಚ್ಚೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಬರಹದ ನಕಲು ತೆಗೆಯಲು ಹುಟ್ಟಿದ ಉಪಕರಣ, ನಕಲೇ ಇಲ್ಲದ ಬರಹದ ಉಪಕರಣವಾಯಿತು.

ಮುಂದೆ ಯಂತ್ರಗಳು ಎರಡು ಕವಲಾದವು. ಕಾಯಿಲ್ ಯಂತ್ರದ್ದು ಮನೆಯ ವಿದ್ಯುತ್ ಗಂಟೆಯ ರೀತಿ: ವಿದ್ಯುದಯಸ್ಕಾಂತ ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತದೆ, ಸಂಪರ್ಕ ತಪ್ಪುತ್ತದೆ, ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತದೆ. ಅದಕ್ಕೆ ತೂಕ ಹೆಚ್ಚು, ಸದ್ದೂ ಹೆಚ್ಚು. ರೋಟರಿ ಯಂತ್ರದಲ್ಲಿ ಮೋಟಾರಿನ ತುದಿಗೆ ನಡು ತಪ್ಪಿಸಿ ಕೂರಿಸಿದ ಗಾಲಿಯಿರುತ್ತದೆ; ಅದು ಸುತ್ತಿದಂತೆ ಸೂಜಿ ಏರಿಳಿಯುತ್ತದೆ. ಇದು ಹಗುರ, ಕೈಗೆ ನಡುಕ ಕಡಿಮೆ, ಸದ್ದೂ ಕಡಿಮೆ. ಸೂಜಿಯ ಏರಿಳಿತ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕೂವರೆ ಮಿಲಿಮೀಟರ್. ಮೆಲುವಾದ ಛಾಯೆಗೆ ಗಿಡ್ಡ ಏರಿಳಿತ, ದಿಟ್ಟ ಗೆರೆಗೆ ಉದ್ದನೆಯದು. ಎರಡನ್ನೂ ಮಾಡುವವನಿಗೆ ಮೂರೂವರೆಯ ಆಸುಪಾಸು ಹಿತ. ಇದು ಸೂಜಿ ಚರ್ಮಕ್ಕಿಳಿಯುವ ಆಳವಲ್ಲ, ಅದರ ಓಡಾಟದ ಉದ್ದ. ಆಳವನ್ನು ನಿರ್ಣಯಿಸುವುದು ಇಂದಿಗೂ ಕೈಯೇ. ಸೂಜಿಗಳ ದಪ್ಪ ಬಹುಮಟ್ಟಿಗೆ 0.30 ಇಲ್ಲವೆ 0.35 ಮಿಲಿಮೀಟರ್. ಗೆರೆಗೆ ದುಂಡಗೆ ಕಟ್ಟಿದ ಗೊಂಚಲು, ತುಂಬುವುದಕ್ಕೆ ಸಾಲಾಗಿ ಜೋಡಿಸಿದ ಗೊಂಚಲು. ಕೊರವಂಜಿ ದಾರದಿಂದ ಬಿಗಿಯುತ್ತಿದ್ದ ಕಟ್ಟು ಇಲ್ಲಿ ಬೆಸುಗೆಯಾಗಿದೆ, ಅಷ್ಟೆ.

ನಮ್ಮ ಜಾತ್ರೆಗಳಿಗೆ ಮೊದಲು ಬಂದದ್ದು ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರ. ಮರದ ಹಲಗೆಯ ಮೇಲೆ ಚಿತ್ರಗಳ ಮಾದರಿ, ಪಕ್ಕದಲ್ಲಿ ಒಂದೇ ಬಟ್ಟಲು ಶಾಯಿ, ಎದುರಿಗೆ ಸರದಿಯಲ್ಲಿ ಹುಡುಗರು. ವೇಗ ಬಂದಿತು, ಸೂಜಿ ಮಾತ್ರ ಬದಲಾಗಲಿಲ್ಲ. ಕೊರವಂಜಿ ಒಂದು ಹೊತ್ತಿನಲ್ಲಿ ಚುಚ್ಚುತ್ತಿದ್ದುದು ಕೆಲವರಿಗೆ. ಯಂತ್ರ ಅದೇ ಹೊತ್ತಿನಲ್ಲಿ ಎಷ್ಟೋ ಜನರ ರಕ್ತವನ್ನು ಮುಟ್ಟಬಲ್ಲದು. ಒಣಗಿದ ರಕ್ತದ ಕಲೆಯಲ್ಲಿಯೂ ಹೆಪಟೈಟಿಸ್ ಬಿ ವೈರಾಣು ಏಳು ದಿನ ಬದುಕಿರಬಲ್ಲದು. ನಮ್ಮ ದೇಶದಲ್ಲಿ ಹಚ್ಚೆ ಹಾಕಿಸಿಕೊಂಡವರಿಂದ ಹನ್ನೆರಡು ತಿಂಗಳು ರಕ್ತದಾನ ಸ್ವೀಕರಿಸಬಾರದೆಂಬ ನಿಯಮವಿರುವುದು ಈ ಅಂಜಿಕೆಯಿಂದಲೇ.

ಇಲ್ಲಿ ಕಾರ್ಟ್ರಿಜ್ಜಿನ ಮಹತ್ವ ತಿಳಿಯುತ್ತದೆ. ಸೂಜಿಯ ಗೊಂಚಲನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಕೂರಿಸಿ, ಕ್ರಿಮಿಶುದ್ಧಗೊಳಿಸಿ, ಮೊಹರು ಮಾಡಿದ ಪೊಟ್ಟಣ ಅದು. ಒಬ್ಬರಿಗೆ ಬಳಸಿ ಎಸೆಯತಕ್ಕದ್ದು. ಒಳ್ಳೆಯ ಕಾರ್ಟ್ರಿಜ್ಜಿನೊಳಗೆ ತೆಳುವಾದ ರಬ್ಬರಿನ ಪೊರೆಯೊಂದಿರುತ್ತದೆ. ಶಾಯಿಯೂ ರಕ್ತವೂ ಹಿಮ್ಮುಖವಾಗಿ ಹರಿದು ಯಂತ್ರದೊಳಗೆ ಸೇರದಂತೆ ಅದು ತಡೆಯುತ್ತದೆ. ಚಿತ್ರದ ಅಂದಕ್ಕೆ ಈ ಪೊರೆಯಿಂದ ಏನೂ ಲಾಭವಿಲ್ಲ. ಮುಂದೆ ಬಂದು ಕೂರುವ ಅಪರಿಚಿತನನ್ನು ನೆನೆದು ಮಾಡಿದ ಭಾಗ ಅದು. ಯಂತ್ರದ ಬೆಲೆಯನ್ನು ಕೇಳುವ ಮೊದಲು ಆ ಪೊರೆ ಇದೆಯೇ ಎಂದು ಕೇಳಬೇಕೆನ್ನುವುದು ನನ್ನ ಮತ.

ಈಗ ರಾಯಚೂರಿನಂಥ ಊರಿನಲ್ಲಿಯೂ ಹಚ್ಚೆಯ ಅಂಗಡಿಗಳಿವೆ. ದೇವದುರ್ಗ, ಮಾನ್ವಿಗಳ ತರುಣರು ಹೆತ್ತವ್ವನ ಹೆಸರನ್ನೋ ಪ್ರಿಯರ ಹೆಸರನ್ನೋ ಬರೆಸಿಕೊಳ್ಳುತ್ತಾರೆ. ಹಿಂದಿನ ಹುಡುಗಿಗೆ ಇಲ್ಲದಿದ್ದ ಒಂದು ಸ್ವಾತಂತ್ರ್ಯ ಇವರಿಗಿದೆ: ಬೇಡವೆನ್ನಬಹುದು. ಬೇಕೆನ್ನುವವರು ಕೆಲವನ್ನು ಕಣ್ಣಾರೆ ನೋಡಿಕೊಳ್ಳಲಿ. ಪೊಟ್ಟಣ ನಿಮ್ಮೆದುರಿಗೇ ಒಡೆಯಲಿ, ಅದರ ಮೇಲಿನ ಅವಧಿ ಮುಗಿದಿರದಿರಲಿ. ಕೈಗವಸು ಹೊಸದಿರಲಿ, ಯಂತ್ರಕ್ಕೂ ತಂತಿಗೂ ಹೊದಿಕೆಯಿರಲಿ. ಶಾಯಿಯನ್ನು ನಿಮಗೆಂದೇ ಚಿಕ್ಕ ಬಟ್ಟಲಿಗೆ ಸುರಿದು, ಉಳಿದದ್ದನ್ನು ಚೆಲ್ಲಲಿ. ಶಾಯಿಯ ಹೆಸರು, ತಯಾರಕರ ವಿವರ ಕೇಳುವುದರಲ್ಲಿ ಸಂಕೋಚ ಬೇಡ. ಹಚ್ಚೆಯ ಶಾಯಿಯಲ್ಲಿ ಭಾರಲೋಹಗಳು ಕಂಡುಬಂದುವೆಂದು 2025ರಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೇ ಎಚ್ಚರಿಸಿತ್ತು.

ಇನ್ನೊಂದು ಕೆಲಸ ನಮ್ಮಂಥ ಓದುಬರಹದವರದು. ಕೊರವಂಜಿಯ ಸೂಜಿಯಿಂದ ಹಚ್ಚೆ ಹಾಕಿಸಿಕೊಂಡ ಮುದುಕಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಒಪ್ಪಿಗೆ ಪಡೆದು, ಪಕ್ಕದಲ್ಲಿ ಕುಳಿತು, ಯಾವ ಗೆರೆಗೆ ಏನು ಹೆಸರು, ಚುಚ್ಚಿದವಳು ಯಾವ ಊರಿನಿಂದ ಬಂದಿದ್ದಳು, ಕೂಲಿಯಾಗಿ ಜೋಳ ಕೊಟ್ಟರೋ ಸೀರೆ ಕೊಟ್ಟರೋ ಎಂಬುದನ್ನು ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಕಲ್ಲಿನ ಶಾಸನ ಇನ್ನೂ ನೂರು ವರ್ಷ ಕಾದೀತು. ಈ ಶಾಸನ ಕಾಯಲಾರದು.