ಎಳೆಯುವ ಕೈ, ತಳ್ಳುವ ಕೈ

ಅಪ್ಪ ನೆಲದ ಮೇಲೆ ಕೂತೇ ಮರ ಕೊಯ್ಯುತ್ತಿದ್ದ. ಹಲಸಿನ ಪಟ್ಟಿಯನ್ನು ಮಣೆಗೆ ಆನಿಸಿ, ಎಡಗಾಲಲ್ಲಿ ಒತ್ತಿ ಹಿಡಿದು, ಗರಗಸವನ್ನು ತನ್ನ ಕಡೆಗೆ ಎಳೆಯುತ್ತಿದ್ದ. ಅಜ್ಜನ ಕಾಲದ ಆ ಗರಗಸದ ಹಲ್ಲುಗಳು ಹಿಡಿಯ ಕಡೆಗೆ ಬಾಗಿದ್ದವು. ಎಳೆದಾಗ ಮಾತ್ರ ಕೊಯ್ಯುತ್ತಿತ್ತು. ನಮ್ಮ ದೇಶದ ಹಳೆಯ ಗರಗಸಗಳ ರೀತಿಯೇ ಅದು. ಎಳೆದರೆ ತೆಳು ಅಲಗು ನೆಟ್ಟಗೆ ನಿಲ್ಲುತ್ತದೆ, ತಳ್ಳಿದರೆ ಬಳುಕುತ್ತದೆ. ಇಂಗ್ಲಿಷರ ಗರಗಸ ತಳ್ಳಿದಾಗ ಕೊಯ್ಯುವಂಥದು. ಅದಕ್ಕೆ ದಪ್ಪ ಅಲಗು, ಎತ್ತರದ ಬೆಂಚು, ಮರ ಹಿಡಿಯಲು ವೈಸ್ ಎಲ್ಲ ಬೇಕು.

ಅಪ್ಪನ ನಿಜವಾದ ಪರೀಕ್ಷೆ ದೇವರ ಪಟಕ್ಕೆ ಕಟ್ಟು ಹಾಕುವಾಗ. ನಾಲ್ಕು ಮೂಲೆ, ಎಂಟು ಕೊಯ್ತ, ಪ್ರತಿಯೊಂದೂ 45 ಡಿಗ್ರಿ. ಒಂದೊಂದರಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಒಟ್ಟು 4 ಡಿಗ್ರಿ, ಕೊನೆಯ ಮೂಲೆ ಬಾಯಿ ಬಿಡುತ್ತದೆ. ಅದಕ್ಕೆಂದೇ ಮೂರು ಹಲಗೆ ಜೋಡಿಸಿ, ಓರೆ ಸೀಳು ಬಿಟ್ಟ ಮೈಟರ್ ಬಾಕ್ಸ್ ಮಾಡಿಕೊಂಡಿದ್ದ. ಸೀಳು ಸವೆದರೆ ಅಂದೇ ಹೊಸದು ಮಾಡುತ್ತಿದ್ದ.

ಇದೇ ಓರೆ ಕೊಯ್ತಕ್ಕೆ ಅಮೆರಿಕದಲ್ಲಿ ಮೋಟಾರು ಬಂತು. 1922ರಲ್ಲಿ ರೇಮಂಡ್ ಡಿವಾಲ್ಟ್ ರೂಪಿಸಿದ ಯಂತ್ರದಲ್ಲಿ ಗರಗಸ ಮೇಲಿನ ತೋಳಿಗೆ ನೇತುಬಿದ್ದಿತ್ತು, ಅಡ್ಡ ಕೊಯ್ಯಲು ಅದನ್ನು ತನ್ನ ಕಡೆಗೆ ಎಳೆಯಬೇಕಿತ್ತು. 1964ರಲ್ಲಿ ರಾಕ್‌ವೆಲ್ ಕಂಪನಿ ಮೈಟರ್ ಬಾಕ್ಸಿಗೇ ಮೋಟಾರು ಕೂರಿಸಿತು. ಆ ಗರಗಸ ಮೇಲಿಂದ ಕೆಳಕ್ಕಷ್ಟೇ ಇಳಿಯುತ್ತಿದ್ದುದರಿಂದ ಅಗಲ ಹಲಗೆಗೆ ಸಾಲುತ್ತಿರಲಿಲ್ಲ. ಮುಂದೆ ಜಾರುವ ಕಂಬಿ ಸೇರಿತು, ಮೇಜು ತಿರುಗಿತು, ಅಲಗೂ ವಾಲಿತು. ಇವತ್ತು ಗೋಡೆಗೆ 38 ಡಿಗ್ರಿ ವಾಲಿ ಕೂರುವ ಚಾವಣಿ ಪಟ್ಟಿಯನ್ನು ಚೌಕ ಮೂಲೆಗೆ ಸೇರಿಸಲು, ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಮೇಜನ್ನು 31.6ಕ್ಕೆ, ಅಲಗನ್ನು 33.9ಕ್ಕೆ ಇಟ್ಟರೆ ಒಂದೇ ಏಟಿಗೆ ಎರಡು ಓರೆ.

ಆ ಯಂತ್ರ ನನ್ನ ಕೈಗೆ ಬಂದ ಮೊದಲ ವಾರ, ಮನೆತನದ ಅಭ್ಯಾಸದಂತೆ ಓಡುವ ಅಲಗನ್ನು ಮರದೊಳಗೇ ನನ್ನ ಕಡೆಗೆ ಎಳೆದೆ. ಗರಗಸ ಸಾಗುವಾನಿಯ ಮೇಲೆ ಹತ್ತಿ ನನ್ನತ್ತಲೇ ಜಿಗಿಯಿತು. ಪಟ್ಟಿ ಸೀಳಿತು. ಬೆರಳು ಉಳಿದದ್ದು ದೊಡ್ಡದು. ಕಾರಣ ಆಮೇಲೆ ತಿಳಿಯಿತು: ಅಲಗಿನ ತಳದ ಹಲ್ಲುಗಳು ನಮ್ಮಿಂದ ಹಿಂಬದಿಯ ಆಸರೆಯತ್ತ ಓಡುತ್ತವೆ. ಎಳೆದರೆ ಅವು ಮರ ಕೊಯ್ಯುವ ಬದಲು ಚಕ್ರದಂತೆ ಅದರ ಮೇಲೆ ಉರುಳಿ ಬರುತ್ತವೆ.

ಈಗ ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ: ಮೋಟಾರು ನಿಂತಿರುವಾಗ ಎಳೆ, ಓಡುವಾಗ ತಳ್ಳು. ಅಪ್ಪನ ಕಾಲು ಮಾಡುತ್ತಿದ್ದ ಕೆಲಸವನ್ನು ಕ್ಲಾಂಪಿಗೆ ಬಿಡು. ಕೈ ಅಲಗಿನಿಂದ ಆರು ಇಂಚು ದೂರ ಇರಲಿ, ತೋಳು ಅಡ್ಡ ಹಾಯದಿರಲಿ. ಕೈಗವಸು ಬೇಡ, ಕನ್ನಡಕ ಬೇಕು. ತುಂಡು ಚಿಕ್ಕದಾದರೆ ಉದ್ದ ಪಟ್ಟಿಯಲ್ಲೇ ಓರೆ ಕೊಯ್ದುಕೊಂಡು ಆಮೇಲೆ ಕತ್ತರಿಸು. ಕೊಯ್ತ ಮುಗಿದರೂ ಅಲಗು ಪೂರ್ತಿ ನಿಲ್ಲುವವರೆಗೆ ಮೇಲೆತ್ತಬೇಡ.

ಅಪ್ಪನ ಹತ್ತು ಬೆರಳೂ ಕೊನೆಯವರೆಗೆ ಇದ್ದವು. ಮರ ಅಲುಗದಂತೆ ಹಿಡಿಯದೆ ಅವನು ಒಮ್ಮೆಯೂ ಗರಗಸ ಮುಟ್ಟಲಿಲ್ಲ. ಯಂತ್ರ ಯಾವುದೇ ಬರಲಿ, ಮೊದಲು ಕಲಿಯಬೇಕಾದದ್ದು ಅದನ್ನೇ.