ಅಂಕವಿಲ್ಲದ ಬರಹವನ್ನು ಯಾರು ಓದಬೇಕು?

ದ್ಯುತಿಸಂಶ್ಲೇಷಣೆಯ ಪಾಠ ಮುಗಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಹಾಳೆಯ ಚೀಟಿಯಲ್ಲಿ ಹೀಗೆ ಬರೆದಿದ್ದಳು: ‘ಮರ ಗೊಬ್ಬರ ತಿಂದು ದಪ್ಪ ಆಗುತ್ತೆ ಅಂದ್ಕೊಂಡಿದ್ದೆ. ಗಾಳಿಯಿಂದ ಕಟ್ಟಿಗೆ ಆಗುತ್ತೆ ಅಂದ್ರೆ ನಂಬಕ್ಕಾಗ್ತಿಲ್ಲ. ಗಾಳಿಗೆ ತೂಕ ಎಲ್ಲಿದೆ?’ ಅವಳದೇ ನೋಟ್‌ಬುಕ್ಕಿನಲ್ಲಿ ಪಠ್ಯಪುಸ್ತಕದ ವ್ಯಾಖ್ಯೆ ಒಂದಕ್ಷರ ತಪ್ಪದೆ ಇತ್ತು. ಕೆಂಪು ಶಾಯಿಯ ಸರಿ ಗುರುತೂ ಬಿದ್ದಿತ್ತು. ಪಾಠ ಎಲ್ಲಿ ತೊಡಕಿಕೊಂಡಿದೆ ಎಂದು ಶಿಕ್ಷಕಿಗೆ ಗೊತ್ತಾದದ್ದು ಚೀಟಿಯಿಂದ.

ಇಂಥ ಚೀಟಿಯ ಬಳಕೆಗೆ ಬರ್ಕ್ಲಿಯ ಭೌತಶಾಸ್ತ್ರ ಪ್ರಾಧ್ಯಾಪಕ ಚಾರ್ಲ್ಸ್ ಶ್ವಾರ್ಟ್ಸ್ ಅವರ ಹೆಸರು ಹೇಳುವುದು ವಾಡಿಕೆ. ಆದರೆ ಅದರ ಹಿಂದಿನ ವಿಚಾರ ಗಟ್ಟಿಯಾದದ್ದು ಲಂಡನ್ನಿನಲ್ಲಿ. ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು 11ರಿಂದ 18 ವರ್ಷದ ಮಕ್ಕಳ ಎರಡು ಸಾವಿರಕ್ಕೂ ಹೆಚ್ಚು ಶಾಲಾ ಬರಹಗಳನ್ನು ಕಲೆಹಾಕಿ, ಪ್ರತಿಯೊಂದರ ಮುಂದೆಯೂ ಎರಡು ಪ್ರಶ್ನೆ ಇಟ್ಟರು: ಇದನ್ನು ಏತಕ್ಕೆ ಬರೆದದ್ದು, ಯಾರು ಓದಲೆಂದು ಬರೆದದ್ದು? 1975ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರ. ಹೆಚ್ಚುಕಡಿಮೆ ಅರ್ಧದಷ್ಟು ಬರಹಗಳಲ್ಲಿ ಮಗುವಿನ ಎದುರಿಗಿದ್ದವನು ಪರೀಕ್ಷಕ. ಮನಸ್ಸಿನಲ್ಲಿ ಮಾತಾಡಿಕೊಂಡಂತೆ, ತಡವರಿಸುತ್ತ ಯೋಚಿಸುವ ಬರಹ ನೂರಕ್ಕೆ ಆರರಷ್ಟೂ ಇರಲಿಲ್ಲ. ಕಲಿಕೆ ಹುಟ್ಟುವುದು ಆ ತಡವರಿಕೆಯಲ್ಲೇ ಎಂಬುದು ಬ್ರಿಟನ್ ಅವರ ವಾದ. ಬರೆಯುವುದೇ ಒಂದು ಬಗೆಯ ಕಲಿಕೆ ಎಂದು ಅಮೆರಿಕದ ಜಾನೆಟ್ ಎಮಿಗ್ 1977ರ ಲೇಖನದಲ್ಲಿ ಪ್ರತಿಪಾದಿಸಿದರು.

ವಾದ ಚೆನ್ನಾಗಿದೆ, ಪುರಾವೆಯನ್ನು ತೂಗಿ ನೋಡಬೇಕು. 2004ರಲ್ಲಿ ಬ್ಯಾಂಗರ್ಟ್-ಡ್ರೌನ್ಸ್ ಮತ್ತು ಸಹಲೇಖಕರು 48 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡದ್ದು ಸಣ್ಣ ಲಾಭ. ‘ನನಗೆ ಎಲ್ಲಿ ಅರ್ಥವಾಗಲಿಲ್ಲ’ ಎಂದು ತನ್ನ ತಿಳಿವಳಿಕೆಯನ್ನೇ ಮಗು ನೋಡಿಕೊಳ್ಳುವಂತೆ ಮಾಡಿದ ಕಡೆ ಫಲ ಹೆಚ್ಚಿತ್ತು, ಬರಹ ತೀರ ಉದ್ದವಾದ ಕಡೆ ಕಡಿಮೆ. 2020ರಲ್ಲಿ ಸ್ಟೀವ್ ಗ್ರಹಾಂ ತಂಡ 56 ಪ್ರಯೋಗಗಳನ್ನು ಪರಿಶೀಲಿಸಿತು. ವಿಜ್ಞಾನ, ಸಮಾಜ, ಗಣಿತ ಮೂರರಲ್ಲೂ ಬರೆದವರು ಮುಂದಿದ್ದರು. ಸರಾಸರಿ ಪರಿಣಾಮದ ಪ್ರಮಾಣ 0.30. ಆದರೆ ಎಂಥ ಬರಹ ಎಂಬುದರಿಂದ ಫಲ ಬದಲಾಗುತ್ತದೆ ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ಹಾಗಾಗಿ 2004ರ ಆ ಅಂಶವನ್ನು ನಾನು ಭರವಸೆಯ ಸುಳಿವು ಎಂದಷ್ಟೇ ಕರೆಯುತ್ತೇನೆ.

ಇನ್ನೊಂದು ಎಚ್ಚರವೂ ಬೇಕು. ಇವೆರಡೂ ಬರವಣಿಗೆಗೆ ಸಿಕ್ಕ ಪುರಾವೆ. ಅಂಕ ಬಿಡುವುದರ ಪುರಾವೆ ಬೇರೆ ಕಡೆಯಿಂದ ಬರುತ್ತದೆ. ಇಸ್ರೇಲಿನ ಶಾಲಾಮಕ್ಕಳ ಮೇಲೆ ರೂತ್ ಬಟ್ಲರ್ ನಡೆಸಿದ 1988ರ ಪ್ರಯೋಗದಲ್ಲಿ ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಬರೀ ಅಂಕ, ಉಳಿದವರಿಗೆ ಎರಡೂ ಸಿಕ್ಕವು. ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿಯೂ ಕೆಲಸವೂ ಮೇಲೇರಿತು. ಎರಡೂ ಪಡೆದವರಿಗೆ ಟಿಪ್ಪಣಿಯಿಂದ ಆ ಲಾಭ ಆಗಲಿಲ್ಲ. ಸಂಖ್ಯೆ ಕಂಡ ಮೇಲೆ ಮಾತು ಕಿವಿಗೆ ಬೀಳಲಿಲ್ಲವೇನೋ. (ಅಲ್ಲಿ ಮಕ್ಕಳು ಮಾಡಿದ್ದು ಪದರಚನೆಯಂಥ ಚಟುವಟಿಕೆ, ಪ್ರಬಂಧವಲ್ಲ; ಇದನ್ನು ಮರೆತು ಬಟ್ಲರ್ ಹೆಸರು ಎತ್ತುವವರು ಬಹಳ.)

ಈ ಎರಡು ಎಳೆಗಳನ್ನು ಹೆಣೆಯಲು ನನಗೆ ಮತ್ತೆ ಬ್ರಿಟನ್ ಅವರ ಪ್ರಶ್ನೆಯೇ ಬೇಕಾಗುತ್ತದೆ. ಅಂಕ ತೆಗೆದುಹಾಕಿ ಚೀಟಿಗಳನ್ನು ಕಪಾಟಿಗೆ ಸೇರಿಸಿದರೆ ಮಗುವಿಗೆ ಪರೀಕ್ಷಕನೂ ಇಲ್ಲ, ಓದುಗನೂ ಇಲ್ಲ. ಎರಡು ವಾರದಲ್ಲಿ ಚೀಟಿಗಳು ‘ಎಲ್ಲ ಅರ್ಥವಾಯಿತು ಟೀಚರ್’ ಎಂಬಲ್ಲಿಗೆ ಬಂದು ನಿಲ್ಲುವುದನ್ನು ಕಂಡಿದ್ದೇನೆ. ಅರವತ್ತು ಚೀಟಿ ತಿದ್ದುವುದು ಯಾರಿಗೂ ಆಗದ ಕೆಲಸ, ಓದುವುದು ಹಾಗಲ್ಲ. ಓದಿ, ಒಂದನ್ನು ಹಿಡಿದು ಮರುದಿನದ ಪಾಠ ಶುರುಮಾಡಿದರೆ ಸಾಕು.

ಆ ಶಿಕ್ಷಕಿ ಮಾಡಿದ್ದೂ ಅದನ್ನೇ. ಮೆತ್ತಗಾಗಿದ್ದ ಫುಟ್‌ಬಾಲನ್ನು ಲ್ಯಾಬಿನ ತಕ್ಕಡಿಯಲ್ಲಿಟ್ಟು ತೂಗಿಸಿ, ಪಂಪಿನಿಂದ ಗಾಳಿ ತುಂಬಿ ಮತ್ತೆ ತೂಗಿಸಿದರು. ಕೆಲವೇ ಗ್ರಾಂ ಏರಿತು. ಹುಡುಗಿಯ ಅಂದಿನ ಚೀಟಿಯಲ್ಲಿ ಒಂದೇ ಸಾಲು: ‘ಹಂಗಾದ್ರೆ ಸೌದೆ ಸುಟ್ರೆ ಮತ್ತೆ ಗಾಳಿ ಆಗುತ್ತಾ?’