ಬ್ರೆಸಿಲಿಯಾ: ನಕ್ಷೆಯಲ್ಲಿಲ್ಲದ ಕೇರಿ

ಬ್ರೆಜಿಲ್ ದೇಶದ ರಾಜಧಾನಿ ಬ್ರೆಸಿಲಿಯಾ ನೋಡಲು ಹೋದವರಿಗೆ ಮೊದಲು ತೋರಿಸುವುದು ಅದರ ನಕ್ಷೆಯನ್ನು. ರೆಕ್ಕೆ ಬಿಚ್ಚಿ ಕೂತ ವಿಮಾನದ ಹಾಗಿದೆ ಊರು. ತಲೆಯ ಕಡೆ ಪಾರ್ಲಿಮೆಂಟು, ಸುಪ್ರೀಂ ಕೋರ್ಟು, ಅಧ್ಯಕ್ಷರ ಕಚೇರಿ. ಬೆನ್ನುದ್ದಕ್ಕೂ ಮಂತ್ರಾಲಯಗಳು. ಎರಡು ರೆಕ್ಕೆಗಳಲ್ಲಿ ಆರಂತಸ್ತಿನ ಮನೆಗಳು, ಮರಗಳು, ಶಾಲೆಗಳು. ಪಕ್ಕದಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಕೆರೆ. ನಕ್ಷೆ ಬರೆದವನು ಲೂಸಿಯೊ ಕೋಸ್ಟಾ, ಕಟ್ಟಡಗಳಿಗೆ ರೂಪ ಕೊಟ್ಟವನು ಆಸ್ಕರ್ ನೀಮೆಯರ್, ಕಟ್ಟಿಸಿದವನು ಅಧ್ಯಕ್ಷ ಕುಬಿಚೆಕ್. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟನ್ನು ಯಾವ ಗೈಡಾದರೂ ಹೇಳುತ್ತಾನೆ. ಗೈಡು ಬಾಯಿ ಮುಚ್ಚಿದ ಕಡೆಯಿಂದ ನಮ್ಮ ಮಾತು ಶುರು.

ರಾಜಧಾನಿಯನ್ನು ಕಡಲ ತೀರದಿಂದ ಒಳನಾಡಿಗೆ ತರಬೇಕೆಂಬುದು ಹಳೆಯ ಆಸೆ. 1891ರ ಸಂವಿಧಾನವೇ ಇದಕ್ಕೆ ಮಧ್ಯ ಪ್ರಸ್ಥಭೂಮಿಯಲ್ಲಿ 14,400 ಚದರ ಕಿಲೋಮೀಟರ್ ಜಾಗ ಕಾದಿರಿಸಿತ್ತು. 1956ರಲ್ಲಿ ಅಧಿಕಾರಕ್ಕೆ ಬಂದ ಕುಬಿಚೆಕ್ ತನ್ನ ಅವಧಿ ಮುಗಿಯುವುದರೊಳಗೆ ಊರು ಎದ್ದು ನಿಲ್ಲಬೇಕು ಅಂದ. 1960ರ ಏಪ್ರಿಲ್ 21ರಂದು ರಾಜಧಾನಿ ರಿಯೊ ಬಿಟ್ಟು ಇಲ್ಲಿಗೆ ಬಂತು. ನಾಲ್ಕು ವರ್ಷವೂ ಹಿಡಿಯಲಿಲ್ಲ. ಮಂತ್ರ ಹಾಕಿ ಎಬ್ಬಿಸಿದರೇನು? ಇಲ್ಲ. ಹಗಲು ರಾತ್ರಿ ಪಾಳಿಯ ಮೇಲೆ ದುಡಿಸಿದರು.

ದುಡಿದವರು ಯಾರು? ಹೆಚ್ಚಿನವರು ಈಶಾನ್ಯದ ಬರಪೀಡಿತ ಸೀಮೆಯವರು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನರ ಮೊಮ್ಮಕ್ಕಳೂ ಅವರಲ್ಲಿದ್ದರು. ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೆಲ್ಲ ಕಟ್ಟಕಡೆಗೆ. ಲಾರಿಗೆ ಅಡ್ಡಹಲಗೆ ಬಡಿದು ಅವರನ್ನು ಕೂರಿಸಿಕೊಂಡು ಬಂದರು. ಆ ಲಾರಿಗೆ ಜನ ಇಟ್ಟ ಹೆಸರು 'ಗಿಳಿ ಕೂರುವ ಕೋಲು'. ಈ ಕೂಲಿಗಳನ್ನು 'ಕಾಂದಾಂಗೊ' ಅಂತ ಕರೆದರು. ಅದು ಮೊದಲು ಬೈಗುಳ. ಊರು ಎದ್ದ ಮೇಲೆ ಹೊಗಳಿಕೆಯಾಯಿತು.

ನೀಮೆಯರ್ ಕಮ್ಯುನಿಸ್ಟ್. ಕೋಸ್ಟಾ ಕೂಡ ಕೊಳೆಗೇರಿ ಹುಟ್ಟದಂತೆ ನೋಡಿಕೊಳ್ಳಬೇಕೆಂದು ಬರೆದವನೇ. ಅವರ ಆಸೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ನಕ್ಷೆಯ ಲೆಕ್ಕದಲ್ಲಿ ನೌಕರನಿದ್ದ, ಗಾರೆಯವನಿರಲಿಲ್ಲ. ಕೆಲಸ ಮುಗಿದ ಮೇಲೆ ಅವನು ಬಂದ ದಾರಿ ಹಿಡಿದು ಹೋಗುತ್ತಾನೆ ಅಂದುಕೊಂಡರು. ಎಲ್ಲಿಗೆ ಹೋಗುತ್ತಾನೆ? ಬರದ ನೆಲಕ್ಕೆ?

ಹೋಗಲಿಲ್ಲ. ಕೂಲಿಗಳಿಗೂ ಅಂಗಡಿಯವರಿಗೂ ಅಂತ ಹಾಕಿಕೊಟ್ಟಿದ್ದ 'ಸ್ವತಂತ್ರ ನಗರ'ದಲ್ಲಿ ಮರದ ಮನೆಗಳಿಗಷ್ಟೇ ಅಪ್ಪಣೆ. 1960ಕ್ಕೆ ಕಿತ್ತು ಹಾಕಬೇಕಿತ್ತಲ್ಲ! ಜನ ಹೋರಾಡಿ 1961ರಲ್ಲಿ ಅದನ್ನು ಕಾಯಂ ಮಾಡಿಸಿಕೊಂಡರು. 1958ರ ಬರದಲ್ಲಿ ಓಡಿಬಂದವರು ಅದರ ಪಕ್ಕ ಗುಡಿಸಲು ಹಾಕಿ, ಅಧ್ಯಕ್ಷನ ಹೆಂಡತಿ ಸಾರಾಳ ಹೆಸರನ್ನೇ ಆ ಕೇರಿಗೆ ಇಟ್ಟರು. ಆ ಹೆಸರಿನ ಗುಡಿಸಲು ಕೀಳುವ ಧೈರ್ಯ ಯಾರಿಗಿದೆ ನೋಡೋಣ ಅಂತ! ಕೊನೆಗೆ ಸರ್ಕಾರ ಇಪ್ಪತ್ತು ಕಿಲೋಮೀಟರಿಗೂ ಆಚೆ ಟಾಗ್ವಟಿಂಗದಲ್ಲಿ ಅವರಿಗೆ ಸೈಟು ಕೊಟ್ಟಿತು. ನಕ್ಷೆಯ ಪ್ರಕಾರ, ಮುಖ್ಯ ನಗರದಲ್ಲಿ ಐದು ಲಕ್ಷ ಜನ ತುಂಬಿದ ಮೇಲೆ ಉಪನಗರ ಕಟ್ಟಬೇಕು. ಇಲ್ಲಿ ಊರು ಉದ್ಘಾಟನೆಯಾಗುವ ಮೊದಲೇ ಕೇರಿ ಊರಾಚೆ ಹೋಯಿತು. ಈ ಲೆಕ್ಕ ನಮಗೆ ಹೊಸದಲ್ಲ.

1959ರ ಫೆಬ್ರವರಿ, ಕಾರ್ನಿವಲ್ ಹಬ್ಬದ ದಿನ. ಒಂದು ಕಂಪನಿಯ ಶಿಬಿರದಲ್ಲಿ ಊಟ ಕೆಟ್ಟಿದೆ ಅಂತ ಕೂಲಿಗಳು ಜಗಳ ತೆಗೆದರು. ರಾತ್ರಿ ಕಾವಲು ಪಡೆ ಬಂದು ಗುಂಡು ಹಾರಿಸಿತು. ಸರ್ಕಾರದ ಲೆಕ್ಕಕ್ಕೆ ಒಂದು ಹೆಣ. ಅಲ್ಲಿದ್ದವರ ನೆನಪಿನಲ್ಲಿ ಹತ್ತಾರು. ಚಿತ್ರ ನಿರ್ದೇಶಕ ವ್ಲಾದಿಮಿರ್ ಕಾರ್ವಾಲ್ಯೊ ಆ ನೆನಪುಗಳನ್ನು ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟ. ಈಗ ಪ್ರವಾಸಿಗಳು ದೋಣಿ ನಡೆಸುವ ಕೆರೆಯ ಅಡಿಯಲ್ಲಿ ಕೂಲಿಗಳ ವಿಲಾ ಅಮೌರಿ ಮುಳುಗಿದೆ.

1971ರಲ್ಲಿ, ಸೈನ್ಯದ ಆಳ್ವಿಕೆಯಲ್ಲಿ, ಗುಡಿಸಲುಗಳಲ್ಲಿದ್ದ ಸುಮಾರು 80 ಸಾವಿರ ಜನರನ್ನು ಎತ್ತಿ ಇನ್ನೂ ಆಚೆ ಬಿಟ್ಟರು. ಆ ಊರಿನ ಹೆಸರು ಸೆಯಿಲಾಂಡಿಯ. 'ಅತಿಕ್ರಮಣ ನಿರ್ಮೂಲನ ಅಭಿಯಾನ' ಎಂಬ ಸರ್ಕಾರಿ ಹೆಸರಿನ ಮೊದಲ ಅಕ್ಷರಗಳಿಗೆ ಬಾಲ ಅಂಟಿಸಿ ಮಾಡಿದ ಹೆಸರು ಅದು. ಅಂದರೆ ಕಟ್ಟಿದವರೇ ಅತಿಕ್ರಮಣಕಾರರು! ಆ ಜನ ಹೆಸರನ್ನು ಉಳಿಸಿಕೊಂಡೇ ಊರು ಬೆಳೆಸಿದರು. ಇವತ್ತು ಮುಖ್ಯ ನಗರಕ್ಕಿಂತ ಅಲ್ಲೇ ಜನ ಹೆಚ್ಚು. ಈಶಾನ್ಯದ ಆಶುಕವಿಗಳು ಹಾಡುವ ಮನೆಯೊಂದು ಅಲ್ಲಿದೆ. 1986ರಲ್ಲಿ ತೆರೆದ ಅದರ ವಿನ್ಯಾಸ ನೀಮೆಯರನದೇ.

ಅಧಿಕಾರದ ಚೌಕದಲ್ಲಿ ಕಂಚಿನ ಎರಡು ಎತ್ತರದ ಆಕೃತಿಗಳಿವೆ. ಅವನ್ನು 'ಕಾಂದಾಂಗೊಗಳು' ಅನ್ನುತ್ತಾರೆ. ಪ್ರತಿಮೆ ನಿಲ್ಲಿಸಲು ಜಾಗ ಸಿಕ್ಕಿತು, ಮನುಷ್ಯ ನಿಲ್ಲಲು ಸಿಗಲಿಲ್ಲ. ಅದಕ್ಕಿಂತ ದೊಡ್ಡ ಸ್ಮಾರಕ ಬೇರೆ ಇದೆ. 2011ರಲ್ಲಿ ಪಾರ್ಲಿಮೆಂಟು ಕಟ್ಟಡದಲ್ಲಿ ನೀರು ಸೋರುವುದನ್ನು ರಿಪೇರಿ ಮಾಡುವಾಗ, ಕಾಂಕ್ರೀಟಿನ ಮುಚ್ಚಿದ ಸಂದಿಯಲ್ಲಿ 1959ರ ಕೂಲಿಗಳ ಕೈಬರಹ ಸಿಕ್ಕಿತು. ನಾಳೆ ಇಲ್ಲಿಗೆ ಬರುವವರು ನಮ್ಮ ಮಕ್ಕಳ ಮೇಲೆ ಕರುಣೆ ಇಡಲಿ, ಕಾನೂನು ನಡೆಯಲಿ ಎಂದು ಒಬ್ಬ ಬರೆದಿದ್ದ. ಯಾರೂ ಓದಲಾರದ ಕಡೆ ಬರೆದ ಈ ಅರ್ಜಿ ಐವತ್ತೆರಡು ವರ್ಷ ಶಾಸನಸಭೆಯ ಗೋಡೆಯೊಳಗೇ ಇತ್ತು. ಹೊರಗೆ ಕಾನೂನು ಮಾಡುತ್ತಿದ್ದರು.

ಅಲ್ಲಿಗೆ ಹೋಗುವವರು ಇದ್ದರೆ ಅವರಿಗೆ ನಮ್ಮದೊಂದು ಮಾತು. ವಿಮಾನದ ತಲೆಯಿಂದ ನೋಡಲು ಶುರು ಮಾಡಬೇಡಿ. ಮೆಟ್ರೊ ಹತ್ತಿ ಮೊದಲು ಸೆಯಿಲಾಂಡಿಯಕ್ಕೆ ಹೋಗಿ. ಬೆಳಿಗ್ಗೆ ಅಲ್ಲಿಂದ ಕೆಲಸಕ್ಕೆ ಹೊರಡುವವರ ಜೊತೆ ನಿಂತು ರಾಜಧಾನಿಯೊಳಕ್ಕೆ ಬನ್ನಿ. ಆ ಊರನ್ನು ಈಗಲೂ ದಿನಾ ಕಟ್ಟುತ್ತಿರುವವರು ಅವರು.